ಲಿಮರಿಕ್ಕಿಗೆ ಹೋದ ಶಾವಿಗೆ ಒರಳು

ಹೊಳೆನರಸೀಪುರ: ಹೊರಡುವ ಮುನ್ನ

ಹೊರದೇಶಕ್ಕೆ ಹೋಗುವವರು ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ಕಟ್ಟಿಕೊಂಡು ಹೋಗುವುದು ಎಲ್ಲರಿಗೂ ಗೊತ್ತು. ಶಾವಿಗೆ ಒರಳನ್ನೇ ಹೊತ್ತುಕೊಂಡು ವಿಮಾನ ಹತ್ತಿದ ಹೆಂಗಸು ನಮ್ಮ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಒರಳೆಂದರೆ ಅಂಗೈಯಲ್ಲಿ ಹಿಡಿದು ಚಕ್ಕುಲಿ ಒತ್ತುವಂಥದ್ದಲ್ಲ. ಮೂರು ಕಬ್ಬಿಣದ ಕಾಲು, ನಡುವೆ ಹಿತ್ತಾಳೆಯ ಕೊಳವೆ, ಅದರ ತಳದಲ್ಲಿ ತೂತಿನ ಬಿಲ್ಲೆ, ಮೇಲೆ ದಪ್ಪ ತಿರುಪು, ತಿರುಪಿನ ತಲೆಗೆ ತೂರಿಸಲು ಒಂದೂವರೆ ಗೇಣಿನ ಕಬ್ಬಿಣದ ಹಿಡಿ. ನನ್ನ ಅಮ್ಮನ ಮದುವೆಗೆ ಅವರ ಸೋದರಮಾವ ಅರಕಲಗೂಡಿನಲ್ಲಿ ಹೇಳಿ ಮಾಡಿಸಿ ಕೊಟ್ಟದ್ದು.

ಈ ಒರಳನ್ನು ಒಬ್ಬರೇ ಒತ್ತಲು ಆಗುವುದಿಲ್ಲ. ಒಬ್ಬರು ಕಾಲುಗಳನ್ನು ಅದುಮಿ ಹಿಡಿಯಬೇಕು, ಇನ್ನೊಬ್ಬರು ಹಿಡಿ ತಿರುಗಿಸಬೇಕು. ಅಕ್ಕಿಹಿಟ್ಟಿನ ಉಂಡೆ ಬೆಂದು ಹೊಗೆಯಾಡುತ್ತಿರುವಾಗಲೇ ಕೊಳವೆಗೆ ಹಾಕಿ ಒತ್ತಬೇಕು. ಆರಿದರೆ ಉಂಡೆ ಕಲ್ಲಾಗುತ್ತದೆ, ಭೀಮ ಬಂದರೂ ತಿರುಪು ಇಳಿಯುವುದಿಲ್ಲ. ನಮ್ಮ ಮನೆಯಲ್ಲಿ ಕಾಲು ಅದುಮುವವಳು ನಾನು, ಹಿಡಿ ತಿರುಗಿಸುವವಳು ಸೆಲೀನ.

ಸೆಲೀನ ನನ್ನ ಹೈಸ್ಕೂಲು ಗೆಳತಿ. ಮೂಲ ಶೆಟ್ಟಿಹಳ್ಳಿ. ಗೊರೂರಿನ ಅಣೆಕಟ್ಟೆಯ ನೀರು ಬರುತ್ತದೆಂದು ಊರು ಬಿಡಿಸಿದಾಗ ಅವಳ ಅಪ್ಪ ಉಳಿ, ಗರಗಸ ಗಂಟು ಕಟ್ಟಿಕೊಂಡು ಹೊಳೆನರಸೀಪುರಕ್ಕೆ ಬಂದು ಮರಗೆಲಸಕ್ಕೆ ನಿಂತರು. ನಮ್ಮದು ದೇವಸ್ಥಾನದ ಬೀದಿ. ಅಪ್ಪ ಸಂಸ್ಕೃತದ ಮೇಷ್ಟ್ರು, ಅಮ್ಮ ಮಡಿ ಹೆಂಗಸು. ಆದರೂ ಭಾನುವಾರ ಚರ್ಚು ಮುಗಿಸಿ ಸೆಲೀನ ನೇರ ನಮ್ಮ ಮನೆಗೇ ಬರುತ್ತಿದ್ದಳು. ಶಾವಿಗೆ ಒತ್ತಿದ ದಿನ ಅಮ್ಮ ಮೊದಲ ಎಲೆ ಅವಳಿಗೇ ಬಡಿಸುತ್ತಿದ್ದರು, ಅದೂ ಕಾಯಿಹಾಲು ತುಳುಕುವಷ್ಟು. ನಮ್ಮ ಮನೆಯ ಮಗಳ ಹಾಗೆ ಬೆಳೆದವಳು ಎಂದು ನಾನು ಎಲ್ಲರ ಮುಂದೆ ಹೇಳುತ್ತಿದ್ದೆ. ಹೇಳಿ ಹೇಳಿ ನಾನೇ ನಂಬಿಬಿಟ್ಟಿದ್ದೆ.

ಆಮೇಲೆ ಅವಳು ನರ್ಸಾದಳು. ತೊಂಬತ್ತರ ದಶಕವೆಲ್ಲ ಹಾಸನದಲ್ಲಿ ಕೆಲಸ ಮಾಡಿದಳು. ನಾನು ಚನ್ನರಾಯಪಟ್ಟಣದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ನನಗೆ ಮದುವೆಯಾಗಲಿಲ್ಲ, ಅದು ಬೇರೆ ಕತೆ. ಅವಳಿಗೆ ಆಯಿತು, ಆದರೆ ಗಂಡ ಬೇಗ ತೀರಿಕೊಂಡ. ಅದಾದ ಮೇಲೆ ಐರ್ಲೆಂಡಿನಲ್ಲಿ ನರ್ಸುಗಳು ಬೇಕಂತೆ ಎಂದು ಅರ್ಜಿ ಹಾಕಿ ಹೊರಟೇಹೋದಳು. ಹೋಗುವಾಗ ನಮ್ಮ ಜಗಲಿಯಲ್ಲಿ ನಿಂತು ಅಮ್ಮನಿಗೆ ಹೇಳಿ ಹೋದಳು. ನಾನು ನಾಲ್ಕು ಸಲ ಒಳಗೆ ಕರೆದರೂ ಬಸ್ಸಿಗೆ ಹೊತ್ತಾಯಿತು ಎಂದಳು.

ಎರಡು ಸಾವಿರದ ಎರಡರ ಬೇಸಿಗೆಯಲ್ಲಿ ಅವಳ ಕಾಗದ ಬಂತು, ಟಿಕೆಟ್ಟಿನ ಸಮೇತ. ಆ ವರ್ಷ ಫುಟ್ಬಾಲ್ ವಿಶ್ವಕಪ್ಪು ಜಪಾನು, ಕೊರಿಯಾಗಳಲ್ಲಿ. ಅವಳ ಆಸ್ಪತ್ರೆಯ ಗೆಳತಿಯರು ಒಂದೊಂದು ಪಂದ್ಯವನ್ನು ಒಬ್ಬೊಬ್ಬರ ಮನೆಯಲ್ಲಿ ಕೂತು ನೋಡುವುದೆಂದು ಮಾತಾಡಿಕೊಂಡಿದ್ದರು. ಅವರ ದೇಶದ ಮೊದಲ ಪಂದ್ಯ ಇವಳ ಪಾಲಿಗೆ ಬಂದಿತ್ತು. ಪೂರ್ವದ ದೇಶದಲ್ಲಿ ಮಧ್ಯಾಹ್ನ ಆಡಿದರೆ ಅಲ್ಲಿಗೆ ಬೆಳಗಿನ ಏಳೂವರೆ. ಹಾಗಾಗಿ ಪಾರ್ಟಿ ಎಂದರೆ ತಿಂಡಿ. ಇಷ್ಟು ದಿನ ಅವರ ಮನೆಯ ಟೀ ಕುಡಿದಿದ್ದೇನೆ, ಈ ಸಲ ನಮ್ಮೂರ ತಿಂಡಿ ಮಾಡಿ ಹಾಕಬೇಕು, ನೀನು ಬಾ, ಬರುವಾಗ ಅಕ್ಕಿ ತಾ, ಬೆಲ್ಲ ತಾ ಎಂದು ಬರೆದಿದ್ದಳು. ಕೊನೆಯಲ್ಲಿ ಒಂದೇ ಸಾಲು: ಶಾವಿಗೆ ತಿಂದು ಎಷ್ಟು ವರ್ಷವಾಯಿತೋ.

ನಾನು ಕಾಗದ ಓದಿ ಹೇಳಿದೆ. ಯಾರಿಗೂ ಒಂದು ದಿನದ ಮಟ್ಟಿಗೂ ಒರಳು ಎರವಲು ಕೊಡದ ಅಮ್ಮ, ನಡುಮನೆಯ ಗೂಡಿನಿಂದ ಅದನ್ನು ತಾವೇ ಇಳಿಸಿ ಒರೆಸಿದರು.

"ತೊಗೊಂಡು ಹೋಗೇ ವನಜಾ. ಆ ಹುಡುಗಿಗೆ ಶಾವಿಗೆ ಅಂದ್ರೆ ಪ್ರಾಣ."

ನಲವತ್ತೆರಡರ ಸೆಲೀನ ಅಮ್ಮನಿಗೆ ಇನ್ನೂ ಹುಡುಗಿ.

ಬೆಂಗಳೂರು, ಮುಂಬಯಿ, ಲಂಡನ್ನು, ಶಾನನ್

ಒರಳನ್ನು ಸೀರೆಗಳ ನಡುವೆ ಸುತ್ತಿ ದೊಡ್ಡ ಪೆಟ್ಟಿಗೆಯಲ್ಲಿಟ್ಟಿದ್ದೆ. ಹಿಡಿ ಮಾತ್ರ ಅದರಲ್ಲಿ ಹಿಡಿಸದೆ ಕೈಚೀಲಕ್ಕೆ ಬಂದಿತ್ತು. ಬೆಂಗಳೂರಿನಲ್ಲಿ ತಪಾಸಣೆ ಮಾಡುವ ಹೆಂಗಸು ಅದನ್ನು ಹೊರಗೆಳೆದು ನನ್ನ ಮುಖ ನೋಡಿದಳು. ಗಣಿತದ ಟೀಚರು, ಬೈತಲೆ ತೆಗೆದು ಜಡೆ ಹೆಣೆದುಕೊಂಡವಳು, ಕಬ್ಬಿಣದ ಸರಳು ಹಿಡಿದು ವಿಮಾನ ಹತ್ತುವುದೆಂದರೇನು? ಶಾವಿಗೆ ಒರಳಿನದು ಎಂದೆ. ಅವಳ ಮುಖ ಅರಳಿತು. "ನಮ್ಮತ್ತೆ ಮನೇಲೂ ಐತೆ ಕಣಮ್ಮ. ಆದ್ರೂ ಇದ್ನ ಮ್ಯಾಕ್ಕೆ ಬಿಡಕ್ಕಾಗಕಿಲ್ಲ" ಎಂದು ನಕ್ಕು, ನನ್ನ ಜೊತೆ ಒಬ್ಬರನ್ನು ಕಳಿಸಿ ಪೆಟ್ಟಿಗೆಯ ಪಟ್ಟಿಗೆ ಹಿಡಿಯನ್ನು ಬಿಗಿಸಿದಳು.

ಮುಂದಿನ ಪೇಚು ಐರ್ಲೆಂಡಿನ ಶಾನನ್ ವಿಮಾನ ನಿಲ್ದಾಣದಲ್ಲಿ. ಪೆಟ್ಟಿಗೆ ಬಿಚ್ಚಿಸಿದರು. ಮೂರು ಕಾಲಿನ ಒರಳು ಮೇಜಿನ ಮೇಲೆ ನಿಂತಿತು, ಸುತ್ತ ಮೂವರು ಅಧಿಕಾರಿಗಳು. ಇದೇನು, ಯಾವ ಯಂತ್ರದ ಭಾಗ ಎಂದರು. ಅಕ್ಕಿಯಿಂದ ದಾರ ತೆಗೆಯುವುದು ಎಂದೆ. ನನ್ನ ಇಂಗ್ಲಿಷು ಅವರಿಗೆ, ಅವರ ಇಂಗ್ಲಿಷು ನನಗೆ, ಎರಡೂ ಅರ್ಧ ಮಾತ್ರ ತಲುಪುತ್ತಿದ್ದವು. ಕೊನೆಗೆ ಬಗ್ಗಿ, ಕಾಲುಗಳ ಮೇಲೆ ಕೈಯೂರಿ, ತಿರುಗಿಸಿ ತೋರಿಸಿದೆ. ಅವರಲ್ಲಿ ಹಿರಿಯ, ತನ್ನ ಅಜ್ಜಿ ಆಲೂಗೆಡ್ಡೆಯನ್ನು ಹೀಗೇ ಒತ್ತುತ್ತಿದ್ದಳು ಎಂದು ನೆನೆಸಿಕೊಂಡ. ಅಜ್ಜಿಯ ಹೆಸರು ಬಂದ ಮೇಲೆ ಯಾವ ದೇಶದ ಸರ್ಕಾರವೂ ಮೆತ್ತಗಾಗುತ್ತದೆ. ಪೆಟ್ಟಿಗೆ ಮುಚ್ಚಿ ಕಳಿಸಿಕೊಟ್ಟರು.

ಹೊರಗೆ ಸೆಲೀನ ನಿಂತಿದ್ದಳು. ದಪ್ಪ ಕೋಟು, ಕತ್ತರಿಸಿದ ಕೂದಲು. ನಾನು ಯಾರೋ ಎಂದುಕೊಂಡು ಮುಂದೆ ಹೋಗಿಬಿಟ್ಟೆ. ಹಿಂದಿನಿಂದ "ಲೇ ವನಜಾ" ಎಂದಳು. ಆ ಒಂದು "ಲೇ"ಗೆ ನಾನು ಅಲ್ಲೇ ಅತ್ತುಬಿಟ್ಟೆ.

ಲಿಮರಿಕ್: ಮೊದಲ ದಿನಗಳು

ಸೆಲೀನ ಇರುವ ಊರು ಲಿಮರಿಕ್ಕಿಗೆ ಬಸ್ಸಿನ ದಾರಿಯುದ್ದಕ್ಕೂ ಹಸಿರು. ಹಸುಗಳು ಹೊಟ್ಟೆ ತುಂಬಿ ಬೇಜಾರಾಗಿ ಮಲಗಿದ್ದವು. ಹೊಲಗಳ ನಡುವೆ ಅಲ್ಲಲ್ಲಿ ಸೂರಿಲ್ಲದ ಹಳೆಯ ಚರ್ಚುಗಳು, ಕಮಾನುಗಳ ಒಳಗಿಂದ ಆಚೆ ಬದಿಯ ಆಕಾಶ ಕಾಣುತ್ತಿತ್ತು. ನಾನು ಸೆಲೀನಳನ್ನು ನೋಡಿದೆ. ಅವಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಬಂದ ಮೊದಲ ವಾರ ಇವನ್ನು ನೋಡಿ ಬಸ್ಸಿನಲ್ಲೇ ಅತ್ತಿದ್ದಳಂತೆ. ಶೆಟ್ಟಿಹಳ್ಳಿಯ ಚರ್ಚು ನೀರಿಂದ ಎದ್ದು ಇಲ್ಲಿಗೆ ಹೇಗೆ ಬಂತು ಅನ್ನಿಸಿತಂತೆ. ಅವಳ ಮನೆಯಲ್ಲಿ ಟಿವಿಯ ಮೇಲೆ ಅದೇ ಚರ್ಚಿನ ಫೋಟೋ ಇದೆ, ಕಿಟಕಿಯ ಮಟ್ಟಕ್ಕೆ ಹೇಮಾವತಿಯ ನೀರು ನಿಂತದ್ದು. ಬಂದವರೆಲ್ಲ ಅದು ಐರ್ಲೆಂಡಿನದೇ ಎಂದುಕೊಂಡು ಯಾವ ಜಿಲ್ಲೆ ಎಂದು ಕೇಳುತ್ತಾರಂತೆ. ಹಾಸನ ಜಿಲ್ಲೆ ಎನ್ನುತ್ತಾಳಂತೆ.

ಆ ಜನರ ಎರಡು ಅಭ್ಯಾಸ ನನಗೆ ತುಂಬ ಹಿಡಿಸಿದವು. ಒಂದು, ಬಸ್ಸಿಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುವುದು. ಊರಿಗೆ ಬಂದ ಮೇಲೆ ಅಭ್ಯಾಸಬಲದಿಂದ ಚನ್ನರಾಯಪಟ್ಟಣದಲ್ಲಿ ನಾನೂ ಹೇಳಿದೆ. ಡ್ರೈವರು ಗಾಬರಿಯಾಗಿ, ಏನಾದ್ರೂ ಬಿಟ್ಟೋಗಿದೀರಾ ಎಂದು ಕೇಳಿದ. ಎರಡನೆಯದು, ಟೀ ಬೇಕೇ ಎಂದರೆ ಅವರು ಬೇಡ ಎನ್ನುತ್ತಾರೆ. ಮತ್ತೆ ಕೇಳಿದರೆ ತೊಂದರೆ ಬೇಡ ಎನ್ನುತ್ತಾರೆ. ಮೂರನೆಯ ಸಲಕ್ಕೆ ಅರ್ಧ ಲೋಟ ಎಂದು, ಎರಡು ಲೋಟ ಕುಡಿಯುತ್ತಾರೆ. ಇವರು ನಮ್ಮವರೇ ಎಂದು ನನಗೆ ಧೈರ್ಯ ಬಂತು.

ಸೆಲೀನಳದು ಸಾಲುಮನೆಗಳಲ್ಲೊಂದು. ಮುಂದೆ ಒಂದು ಹಜಾರ, ಹಿಂದೆ ಪುಟ್ಟ ಅಡಿಗೆಮನೆ, ಅದರಾಚೆ ಹಿತ್ತಲು. ಅಡಿಗೆಮನೆಯ ಕಟ್ಟೆಯ ಮೇಲೆ ಎರಡು ಪಾತ್ರೆ, ಒಂದು ಬಾಣಲೆ, ಸೌಟು ಎಲ್ಲ ಹೊಚ್ಚ ಹೊಸದು, ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ. ನನಗಾಗಿ ತಂದದ್ದು, ಅದರಲ್ಲಿ ಮೀನು ಗೀನು ಏನೂ ಮಾಡಿಲ್ಲ ಎಂದಳು. ನಾನು ಇಷ್ಟೆಲ್ಲ ಯಾಕೆ ಎಂದು ಬಾಯಿಮಾತಿಗೆ ಅಂದೆ. ಒಳಗೊಳಗೇ ನೆಮ್ಮದಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಸಂಜೆ ಒಂಬತ್ತಾದರೂ ಅಲ್ಲಿ ಬಿಸಿಲು. ಆ ಬಿಸಿಲಿನಲ್ಲಿ ಕೂತು ಪಾರ್ಟಿಯ ಪಟ್ಟಿ ಮಾಡಿದೆವು. ಒಂಬತ್ತು ಜನ. ಫುಟ್ಬಾಲ್ ನೋಡುವವರ ತಿಂಡಿಗೆ ಕೆಲವು ಷರತ್ತುಗಳಿವೆ ಎಂದು ಆಗ ತಿಳಿಯಿತು. ತಟ್ಟೆ ನೋಡದೆ ತಿನ್ನಲು ಬರಬೇಕು, ಯಾಕೆಂದರೆ ಕಣ್ಣು ಚೆಂಡಿನ ಮೇಲಿರುತ್ತದೆ. ತಟ್ಟನೆ ಎದ್ದು ಕುಣಿದರೆ ತೊಡೆಯ ಮೇಲೆ ಚೆಲ್ಲಬಾರದು. ಖಾರ ಹತ್ತಿ ನೀರಿಗೆ ಓಡುವಂತಿರಬಾರದು, ಅಷ್ಟರಲ್ಲಿ ಗೋಲಾಗಿಬಿಟ್ಟರೆ ಜನ್ಮವಿಡೀ ಶಾಪ ಹಾಕುತ್ತಾರೆ. ಉಪ್ಪಿಟ್ಟು ಉದುರುತ್ತದೆ ಎಂದು ತಳ್ಳಿದೆವು. ದೋಸೆಯಾದರೆ ಹೊಯ್ಯುವವಳು ಪಂದ್ಯ ಮುಗಿಯುವವರೆಗೂ ಒಲೆ ಬಿಡುವಂತಿಲ್ಲ. ಸೆಲೀನಳ ವಾರ್ಡಿನ ಹಿರಿಯ ನರ್ಸು ಬ್ರೀಡಾ ಎಂಬಾಕೆ ಹಂದಿಯ ಸಾಸೇಜು ತಾನೇ ತರುತ್ತೇನೆ, ನೀವು ಬರೀ ಟೀ ಮಾಡಿ ಸಾಕು ಎಂದು ಫೋನು ಮಾಡಿದಳು. ಸೆಲೀನ ಅದಕ್ಕೂ ಒಪ್ಪಲಿಲ್ಲ.

ಶಾವಿಗೆಯೇ ಸರಿ ಎಂದು ನಿಂತಿತು. ಅದರಲ್ಲೂ ಮೂರು ಬಣ್ಣ: ಕೊತ್ತಂಬರಿ ರುಬ್ಬಿ ಹಾಕಿದ ಹಸಿರು, ಕಾಯಿತುರಿಯ ಬಿಳಿ, ಕ್ಯಾರೆಟ್ಟು ತುರಿದು ನಿಂಬೆಹಣ್ಣು ಹಿಂಡಿದ ಕೇಸರಿ. ಅವರ ಬಾವುಟ ನೋಡಿದರೆ ನಮ್ಮ ಬಾವುಟವನ್ನೇ ಅಡ್ಡ ಹಾಕಿದಂತಿದೆ. ಕೊನೆಗೆ ಬೆಲ್ಲದ ಕಾಯಿಹಾಲು, ಅದು ನಮ್ಮಿಬ್ಬರಿಗೆ. ಪಂದ್ಯದ ನಡುವೆ ಹದಿನೈದು ನಿಮಿಷ ವಿರಾಮವಿದೆಯಂತೆ. ಏಳೂವರೆಗೆ ಪಂದ್ಯ ಶುರು, ಎಂಟಕ್ಕೆ ಉಂಡೆ ನೀರಿಗೆ, ಎಂಟೂಕಾಲಿಗೆ ವಿರಾಮ, ಆಗ ಒತ್ತುವುದು, ಬಿಸಿಬಿಸಿ ಬಡಿಸುವುದು. ಸ್ಕೂಲಿನ ವೇಳಾಪಟ್ಟಿಯ ಹಾಗೆ ಗೆರೆ ಎಳೆದು ಬರೆದೆ. ಸೆಲೀನ ಅದನ್ನು ಚರ್ಚಿನ ಫೋಟೋದ ಪಕ್ಕ ಅಂಟಿಸಿದಳು.

ಬುಧವಾರ: ಅಡಿಗೆಮನೆಯ ಬಾಗಿಲು

ಒಮ್ಮೆ ಒತ್ತಿ ನೋಡೋಣ ಎಂದು ಬುಧವಾರ ನಾನೊಬ್ಬಳೇ ಇದ್ದಾಗ ಎರಡು ಉಂಡೆ ಬೇಯಿಸಿದೆ. ಕಾಲಿನಲ್ಲಿ ಅದುಮಿ ಕೈಯಲ್ಲಿ ತಿರುಗಿಸಲು ಹೋದರೆ ಒರಳು ನನ್ನನ್ನೇ ಎಳೆದುಕೊಂಡು ಅಡಿಗೆಮನೆಯೆಲ್ಲ ಅಡ್ಡಾಡಿತು. ಅಷ್ಟರಲ್ಲಿ ಸೆಲೀನ ಡ್ಯೂಟಿ ಮುಗಿಸಿ ಬಂದಳು. ಬಾರೇ, ಹಿಡಿ ತಿರುಗಿಸು ಎಂದೆ. ಬಂದಳು, ಬಾಗಿಲಲ್ಲಿ ನಿಂತಳು. ಇವತ್ತು ಕೈ ನೋವು, ಶನಿವಾರ ಪಂದ್ಯದ ದಿನ ನೋಡೋಣ ಎಂದಳು. ಅಲ್ಲಿಂದಲೇ ಉಪ್ಪು ಸಿಕ್ಕಿತಾ, ಬಟ್ಟೆ ಬೇಕಾ ಎಂದು ವಿಚಾರಿಸಿದಳು.

ಆಗ ನನಗೆ ಹೊಳೆಯಿತು. ಬಂದು ಐದು ದಿನವಾಗಿತ್ತು. ನಾನು ಒಲೆಯ ಮುಂದಿರುವಾಗ ಸೆಲೀನ ಒಂದು ಸಲವೂ ಒಳಗೆ ಬಂದಿರಲಿಲ್ಲ. ಕಾಫಿ ಲೋಟವನ್ನು ಬಾಗಿಲಲ್ಲಿ ನಿಂತು ಇಸಿದುಕೊಳ್ಳುತ್ತಿದ್ದಳು. ತರಕಾರಿಯನ್ನು ಹಜಾರದಲ್ಲಿ ಹೆಚ್ಚಿ ತಟ್ಟೆಯನ್ನು ಒಳಗೆ ಚಾಚುತ್ತಿದ್ದಳು. ನಾನು ಹೊರಗೆ ಬಂದ ಮೇಲೆ ಸಲೀಸಾಗಿ ಹೋಗಿ ಬರುತ್ತಿದ್ದಳು. ಸ್ವಂತ ಮನೆಯಲ್ಲಿ ಅವಳು ನೆಂಟರಂತೆ ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಇಪ್ಪತ್ತೆಂಟು ವರ್ಷ ಹಿಂದಿನ ಒಂದು ಭಾನುವಾರ ನೆನಪಾಯಿತು. ನಮಗೆ ಹದಿನಾಲ್ಕು ವಯಸ್ಸು. ಒರಳು ನಮ್ಮ ಹಜಾರದಲ್ಲಿತ್ತು. ಉಂಡೆ ತಡವಾಯಿತು. ಅಮ್ಮ ಒಳಗಿಂದ, ಬೆಂದಿದೆ, ಬಂದು ತೊಗೊಂಡು ಹೋಗೇ ಎಂದು ನನ್ನನ್ನು ಕೂಗಿದರು. ಕಾಲು ಅದುಮಿ ಕೂತವಳು ನಾನು, ಪಕ್ಕದಲ್ಲಿ ಎದ್ದು ನಿಂತವಳು ಸೆಲೀನ. ಉತ್ಸಾಹದಲ್ಲಿ ಅವಳೇ ಓಡಿದಳು, ಹೊಸಿಲು ದಾಟಿ ಒಲೆಯವರೆಗೂ. ಅಮ್ಮ ಬೈಯಲಿಲ್ಲ. ಕೈ ಬೀಸಲಿಲ್ಲ. ಒಲೆಯ ಉರಿ ಆರಿಸಿದರು. ಬೆಂದ ಉಂಡೆ, ಮಾಡಿಟ್ಟ ಸಾರು, ಅನ್ನ ಎಲ್ಲವನ್ನೂ ಕಲಗಚ್ಚಿಗೆ ಹಾಕಿ, ತಲೆಯ ಮೇಲೆ ನೀರು ಸುರಿದುಕೊಂಡು ಬಂದು ಮೊದಲಿಂದ ಅಡಿಗೆಗೆ ಇಟ್ಟರು. ಸೆಲೀನ ಜಗಲಿಯಲ್ಲಿ ನಿಂತು ಅದೆಲ್ಲವನ್ನೂ ನೋಡಿದಳು. ಆ ದಿನವೂ ಮೊದಲ ಎಲೆ ಅವಳಿಗೇ ಬಂತು. ಹೊರಗೆ, ಬಾಗಿಲ ಪಕ್ಕ.

ನಾನು ಒಂದು ಮಾತೂ ಆಡಲಿಲ್ಲ. ಆಮೇಲೆ ಮರೆತೂಬಿಟ್ಟೆ. ಅವಳ ಕಾಲು ಮರೆತಿರಲಿಲ್ಲ.

ಇನ್ನು ಉಳಿದಿದ್ದದ್ದು ಒಂದು ವಾರ. ನಾನು ಇರುವಾಗ ಅವಳು ಈ ಬಾಗಿಲು ದಾಟಬೇಕು, ಹೇಗಾದರೂ. ಅದಾಗದೆ ಊರಿಗೆ ಹೋದರೆ ಯಾವ ಮುಖ ಇಟ್ಟುಕೊಂಡು ಅವಳನ್ನು ಗೆಳತಿ ಎನ್ನಲಿ ಎಂದು ಆ ಕ್ಷಣದಿಂದ ನನಗೆ ಅದೊಂದೇ ಯೋಚನೆಯಾಯಿತು. ಬಾಯಿಬಿಟ್ಟು ಕೇಳಲು ಮಾತ್ರ ಧೈರ್ಯವಾಗಲಿಲ್ಲ.

ಶನಿವಾರ ಬೆಳಗ್ಗೆ ಏಳೂವರೆ

ಏಳಕ್ಕೇ ಜನ ಬಂದರು. ಎಲ್ಲರೂ ಹಸಿರು ಅಂಗಿ. ರಾತ್ರಿ ಡ್ಯೂಟಿ ಮುಗಿಸಿ ನಿದ್ದೆಗಣ್ಣಲ್ಲಿ ಬಂದ ನರ್ಸುಗಳೂ ಇದ್ದರು. ಪಕ್ಕದ ಮನೆಯ ಟಾಮ್ ಎಂಬ ಮುದುಕರು ಕೋಲೂರಿಕೊಂಡು ಬಂದು ಟಿವಿಗೆ ಅತಿ ಹತ್ತಿರದ ಕುರ್ಚಿ ಹಿಡಿದರು. ಬ್ರೀಡಾ ದೊಡ್ಡ ಆಳು, ದೊಡ್ಡ ದನಿ. ಬೇಡವೆಂದರೂ ಸಾಸೇಜು ತಂದಿದ್ದಳು. ಎದುರಾಳಿ ಕ್ಯಾಮರೂನು ಎಂಬ ದೇಶ, ಆಫ್ರಿಕದ್ದು. ನನಗೆ ಆಟದ ತಲೆಬುಡ ಗೊತ್ತಿಲ್ಲ. ನಮ್ಮ ಸ್ಕೂಲಿನಲ್ಲಿರುವುದು ಒಂದೇ ಫುಟ್ಬಾಲು, ಅದಕ್ಕೂ ಗಾಳಿಯಿಲ್ಲ.

ನಾನು ಒಳಗಿನಿಂದ ಅವರ ದನಿಗಳನ್ನೇ ಕೇಳುತ್ತ ಹಿಟ್ಟು ಕಲಸಿದೆ. ಓ ಎಂದರೆ ಚೆಂಡು ಹತ್ತಿರ ಹೋಯಿತು, ಅಯ್ಯೋ ಎಂಬಂಥ ಸದ್ದು ಬಂದರೆ ಆಚೆ ಹೋಯಿತು. ಎಂಟಕ್ಕೆ ಸರಿಯಾಗಿ ಉಂಡೆ ನೀರಿಗೆ ಬಿಟ್ಟೆ. ಸ್ವಲ್ಪ ಹೊತ್ತಿಗೆ ಇಡೀ ಮನೆ ಸಾವಿನ ಮನೆಯ ಹಾಗೆ ತಣ್ಣಗಾಯಿತು. ಎದುರಾಳಿಗಳು ಗೋಲು ಹೊಡೆದಿದ್ದರು. ಟಾಮ್ ಯಾರನ್ನೋ ಬೈಯುತ್ತಿದ್ದರು, ತುಂಬ ಮೆಲ್ಲಗೆ, ಪ್ರಾರ್ಥನೆ ಮಾಡುವವರಂತೆ.

ವಿರಾಮ

ವಿರಾಮ ಬಂತು. ಉಂಡೆ ಹದವಾಗಿ ಬೆಂದು ಮೇಲೆ ತೇಲುತ್ತಿತ್ತು. ಒರಳಿಗೆ ಎಣ್ಣೆ ಸವರಿ, ಕೆಳಗೆ ತಟ್ಟೆಯಿಟ್ಟು, ಕಾಲುಗಳನ್ನು ಪಾದದಲ್ಲಿ ಅದುಮಿ, ಸೆಲೀನಾ ಎಂದು ಕೂಗಿದೆ. ಬಂದಳು. ಬಾಗಿಲಲ್ಲಿ ನಿಂತಳು. ಹಸಿರು ಅಂಗಿಯಲ್ಲಿ ಹೈಸ್ಕೂಲು ಹುಡುಗಿಯ ಹಾಗೇ ಕಾಣುತ್ತಿದ್ದಳು. ಒಳಗಿನ ಹಬೆ, ಒರಳು, ನನ್ನನ್ನು ಒಮ್ಮೆ ನೋಡಿ, "ಬ್ರೀಡಾನ ಕಳ್ಸ್ತೀನಿ ಇರು" ಎಂದಳು.

"ಸೆಲೀನಾ, ಇದು ನಿನ್ನ ಮನೆ ಕಣೇ" ಎಂದೆ.

ಅವಳು ಕೆಳಗೆ, ತನ್ನ ಕಾಲ ಬೆರಳುಗಳನ್ನು ನೋಡಿಕೊಂಡಳು. ಬಾಗಿಲಿಗೆ ಹೊಸಿಲೇ ಇರಲಿಲ್ಲ. ಹಜಾರದ ಜಮಖಾನ ಮುಗಿದು ಅಡಿಗೆಮನೆಯ ನುಣ್ಣನೆಯ ನೆಲ ಶುರುವಾಗುವ ಒಂದು ಗೆರೆ, ಅಷ್ಟೆ.

"ಮನೆ ನಂದೇಯ. ಒಲೆ ಮುಂದೆ ನೀನಿದ್ದೀಯಲ್ಲ. ನಾನೇನ್ ಬೇಕು ಅಂತ ಮಾಡದಲ್ಲ ಕಣೆ, ಕಾಲು ತಾನಾಗೇ ನಿಂತ್ಕತದೆ."

ಉಂಡೆ ಆರುತ್ತಿತ್ತು. ನನಗೆ ವಾದ ಮಾಡಲು, ಅಳಲು, ಕ್ಷಮೆ ಕೇಳಲು ಯಾವುದಕ್ಕೂ ಪುರುಸೊತ್ತಿರಲಿಲ್ಲ. ಒರಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆ ಗೆರೆ ದಾಟಿ ಹಜಾರಕ್ಕೆ ನಡೆದೆ. ಟಿವಿಯ ಮುಂದೆ, ಟಾಮ್‌ರ ಕೋಲಿನ ಪಕ್ಕ, ಪೇಪರು ಹಾಸಿ ಇಟ್ಟೆ. ಮತ್ತೆ ಹೋಗಿ ಉಂಡೆಯ ಪಾತ್ರೆ ತಂದೆ. ಎಲ್ಲರೂ ಕಾಲು ಮಡಿಚಿ ಜಾಗ ಬಿಟ್ಟರು. ಇದು ಅಡಿಗೆಗೆ ಸಂಬಂಧಪಟ್ಟದ್ದೇ ಎಂದು ಬ್ರೀಡಾ ಅನುಮಾನದಿಂದ ಕೇಳಿದಳು. ನಾನು ನೆಲದ ಮೇಲೆ ಕೂತು ಪಾದಗಳಲ್ಲಿ ಒರಳಿನ ಕಾಲು ಅದುಮಿದೆ. ಸೆಲೀನ ಬಂದು ತಿರುಪಿಗೆ ಹಿಡಿ ತೂರಿಸಿದಳು.

ಮೊದಲ ಸುತ್ತು ಬಿಗಿ. ಎರಡನೆಯದಕ್ಕೆ ಅವಳ ಕುತ್ತಿಗೆಯ ನರ ಉಬ್ಬಿತು. ಮೂರನೆಯದಕ್ಕೆ ಬಿಲ್ಲೆಯ ತಳದಿಂದ ಬೆಳ್ಳಗೆ ಎಳೆ ಇಳಿಯಿತು. ನೋಡುತ್ತಿದ್ದವರೆಲ್ಲ ಒಟ್ಟಿಗೆ ಆಹಾ ಎಂದರು. ಅಷ್ಟು ಹೊತ್ತಿಗೆ ದ್ವಿತೀಯಾರ್ಧ ಶುರುವಾಗಿ ಹೋಗಿತ್ತು, ನನ್ನ ವೇಳಾಪಟ್ಟಿ ಕೆಟ್ಟಿತ್ತು. ಅವರು ಒಂದು ಕಣ್ಣು ಟಿವಿಯಲ್ಲಿ, ಒಂದು ಕಣ್ಣು ಶಾವಿಗೆಯಲ್ಲಿ ಇಟ್ಟಿದ್ದರು.

ಮೊದಲ ತಟ್ಟೆ ತೆಗೆದು ಬೆಲ್ಲದ ಕಾಯಿಹಾಲು ಹಾಕಿದೆ. ಸೆಲೀನಳಿಗೆ ಕೊಡಲಿಲ್ಲ. ನಾನೊಂದು ತುತ್ತು ತಿಂದೆ, ಅದೇ ತಟ್ಟೆಯನ್ನು ನಮ್ಮಿಬ್ಬರ ನಡುವೆ ಇಟ್ಟೆ. ನನ್ನ ಎಂಜಲು ಬೆರಳು, ಅದೇ ತಟ್ಟೆ. ಅವಳು ನನ್ನನ್ನು ನೋಡಿದಳು. ತಟ್ಟೆಗೆ ಕೈ ಹಾಕಿ ತಿಂದಳು. ಬಾಯಿ ತುಂಬ ಇಟ್ಟುಕೊಂಡೇ, "ನಿಮ್ಮಮ್ಮ ಕಂಡುದ್ರೆ ಈಗ್ಲೇ ನಿನ್ ತಲೆ ಮ್ಯಾಲೆ ನೀರು ಉಯ್ತಿದ್ರು" ಎಂದು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಎರಡನೆಯ ಉಂಡೆ ಅರ್ಧ ಇಳಿದಿತ್ತು. ಮನೆ ಬಿದ್ದುಹೋಯಿತೇನೋ ಎಂಬಂತೆ ಎಲ್ಲರೂ ಎದ್ದರು. ಐರ್ಲೆಂಡು ಗೋಲು ಹೊಡೆದಿತ್ತು. ಬ್ರೀಡಾ ನನ್ನ ಮೇಲೆ, ಯಾರೋ ಬ್ರೀಡಾಳ ಮೇಲೆ. ಒರಳು ಉರುಳಿತು, ಶಾವಿಗೆ ಜಮಖಾನದ ಮೇಲೆ ಹರಿಯಿತು. ಟಾಮ್ ಕೋಲು ಬಿಸಾಡಿ ನಿಂತಿದ್ದರು. ಬಿದ್ದದ್ದು ಬಿದ್ದಿತು ಎಂದು ಉಳಿದ ಉಂಡೆಗಳನ್ನು ಒತ್ತಿದೆವು. ಹಿಡಿ ತಿರುಗಿಸಲು ಸರತಿ ಹಚ್ಚಿದರು. ಮೂರು ಬಣ್ಣದ ಶಾವಿಗೆ ಒಂದು ಎಳೆಯೂ ಮಿಗಲಿಲ್ಲ, ಸಾಸೇಜು ಹಾಗೇ ಉಳಿಯಿತು. ಪಂದ್ಯ ಒಂದು-ಒಂದರಲ್ಲಿ ನಿಂತಿತು. ಗೆಲ್ಲದಿದ್ದರೂ ಅವರಿಗೆ ಅಷ್ಟು ಸಂತೋಷ ಯಾಕೆಂದು ನನಗೆ ಅರ್ಥವಾಗಲಿಲ್ಲ. ಸೋಲಲಿಲ್ಲವಲ್ಲ ಎಂದರು ಟಾಮ್.

ಅದೇ ದಿನ, ಹಿತ್ತಲು

ಎಲ್ಲರೂ ಹೋದ ಮೇಲೆ ಹಿತ್ತಲ ನಲ್ಲಿಯಲ್ಲಿ ಇಬ್ಬರೂ ಒರಳು ತೊಳೆದೆವು. ಆಗ ನಾನು ಹೇಳಬೇಕಾದದ್ದನ್ನು ಹೇಳಿದೆ. ಆ ಭಾನುವಾರ ನಾನು ಒಂದು ಮಾತಾದರೂ ಆಡಬೇಕಿತ್ತು, ಆಡಲಿಲ್ಲ, ತಪ್ಪಾಯಿತು ಎಂದೆ. ಸೆಲೀನ ಬಿಲ್ಲೆಯ ತೂತುಗಳಿಂದ ಕಡ್ಡಿಯಲ್ಲಿ ಹಿಟ್ಟು ಚುಚ್ಚಿ ತೆಗೆಯುತ್ತಿದ್ದಳು. ನೀನೂ ಚಿಕ್ಕವಳು ಬಿಡು ಎಂದಳು. ಆಮೇಲೆ ತಲೆಯೆತ್ತದೆ ಹೇಳಿದಳು:

"ಬೈದಿದ್ರೆ ಮರ್ತೋಗಿರದು. ನಮ್ಮವ್ವ ದಿನಾ ಬೈತಿದ್ಲು, ಒಂದೂ ನೆಪ್ಪಿಲ್ಲ. ನಿಮ್ಮಮ್ಮ ಬೈಲಿಲ್ಲ ಕಣೆ. ಒಲೆ ಆರ್ಸುದ್ರು."

ಊರಿಗೆ ಬಾ ಎಂದೆ. ಬೇಸಿಗೆಯಲ್ಲಿ ನೀರಿಳಿದಾಗ ಶೆಟ್ಟಿಹಳ್ಳಿಯ ಚರ್ಚಿಗೆ ನಡೆದು ಹೋಗೋಣ, ಆಮೇಲೆ ನಮ್ಮ ಮನೆಗೆ ಬಾ, ಜಗಲಿಗಲ್ಲ, ಒಳಗೆ ಎಂದೆ. ಚರ್ಚಿಗೆ ಬರಲು ಆಸೆಯಿದೆ ಎಂದಳು. ಮನೆಯ ಮಾತಿಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒರಳು ಇಲ್ಲೇ ಇರಲಿ, ಅಮ್ಮ ಕೊಟ್ಟದ್ದು ಎಂದು ನಾನು ಹೇಳಿದರೆ, ಒಬ್ಬಳೇ ಅದನ್ನಿಟ್ಟುಕೊಂಡು ಏನು ಮಾಡಲಿ ಎಂದಳು. ಆದರೂ ಟಿವಿಯ ಪಕ್ಕ ಜಾಗ ಮಾಡಿದಳು.

ಮುಂದಿನ ದಿನಗಳಲ್ಲಿ ನಾನು ಅಡಿಗೆ ಮಾಡುವಾಗ ಅವಳು ಆ ಗೆರೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಮೊದಲಿಗಿಂತ ಹತ್ತಿರ. ಒಳಗೆ ಮಾತ್ರ ಬರಲಿಲ್ಲ. ಎರಡು ಹೆಜ್ಜೆ ದೂರದಲ್ಲಿ ಕೂತವಳನ್ನು ನೋಡಿ ನನಗೆ ಆದ ಹಂಬಲ, ಏಳು ಸಮುದ್ರದಾಚೆ ಇದ್ದಾಗಲೂ ಆಗಿರಲಿಲ್ಲ.

ಮತ್ತೆ ಹೊಳೆನರಸೀಪುರ

ಹೊರಡುವ ದಿನ ಪೆಟ್ಟಿಗೆ ಕಟ್ಟಿದವಳು ಸೆಲೀನ. ಊರಿಗೆ ಬಂದು ಬಿಚ್ಚಿದರೆ, ಅಮ್ಮನಿಗೆಂದು ಕೊಟ್ಟ ಉಣ್ಣೆಯ ಶಾಲಿನೊಳಗೆ ಸುತ್ತಿಟ್ಟಿದ್ದ ಒರಳಿನ ಹಿಡಿ ಸಿಕ್ಕಿತು. ಒರಳು ಲಿಮರಿಕ್ಕಿನಲ್ಲಿ, ಹಿಡಿ ಹೊಳೆನರಸೀಪುರದಲ್ಲಿ. ಮರೆತಿರಬೇಕೆಂದು ಫೋನು ಮಾಡಿದೆ. ಮರೆತಿಲ್ಲ ಎಂದಳು. "ಮಡಿಕ್ಕಂಡಿರು. ಬತ್ತೀನಲ್ಲ, ಆಗ ಇಸ್ಕತೀನಿ." ಯಾವ ಕಬ್ಬಿಣದ ಸರಳು ತೂರಿಸಿದರೂ ಆ ತಿರುಪು ತಿರುಗುತ್ತದೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು.

ಇದನ್ನು ಬರೆಯುವ ಹೊತ್ತಿಗೆ ಎರಡು ಬೇಸಿಗೆ ಕಳೆದಿವೆ. ಎರಡು ಸಲ ನೀರಿಳಿದು ಚರ್ಚಿನ ನೆಲ ಕಂಡಿತು. ಒಂದು ವರ್ಷ ಅವಳಿಗೆ ರಜೆ ಸಿಗಲಿಲ್ಲ, ಇನ್ನೊಂದು ವರ್ಷ ಏನು ಕಾರಣವೋ ಹೇಳಲಿಲ್ಲ. ನಾನೊಬ್ಬಳೇ ಶೆಟ್ಟಿಹಳ್ಳಿಗೆ ಹೋಗಿ ಕಮಾನಿನ ಕೆಳಗೆ ನಿಂತು ಬಂದೆ. ಭಾನುವಾರ ಬಾಗಿಲು ಸದ್ದಾದರೆ ಈಗಲೂ ಎದ್ದು ಹೋಗಿ ನೋಡುತ್ತೇನೆ. ಶಾವಿಗೆಯನ್ನು ನಾವೂ ಆಮೇಲೆ ಮಾಡಿಲ್ಲ.

ಐರ್ಲೆಂಡಿನಿಂದ ನಾನು ಬಂದ ದಿನ ರಾತ್ರಿಯ ಊಟಕ್ಕೆ ಮೊದಲು ಅಮ್ಮ ಎಲ್ಲವನ್ನೂ ಕೇಳಿದರು: ಚಳಿ, ಊಟ, ಆಟ. ಅಲ್ಲಿಯ ಜನ ಶಾವಿಗೆ ತಿಂದರೇ ಎಂದು ಎರಡೆರಡು ಸಲ ಕೇಳಿದರು. ನಾನು ಶಾವಿಗೆಯ ಕತೆಯ ಜೊತೆಗೆ ಬಾಗಿಲ ಕತೆಯನ್ನೂ ಹೇಳಿದೆ. ಒಲೆ ಆರಿಸಿದ ಮಾತನ್ನು ಸೆಲೀನ ಹೇಳಿದ ಹಾಗೆಯೇ ಹೇಳಿದೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೈ ನಿಂತಿತು, ಮತ್ತೆ ಆಡಿತು.

ಮರುದಿನ ಬೆಳಗ್ಗೆ ಎದ್ದು ನೋಡಿದರೆ ನಡುಮನೆಯ ಗೂಡಿನಲ್ಲಿ ನಾನು ಇಟ್ಟಿದ್ದ ಹಿಡಿ ಇರಲಿಲ್ಲ. ಹುಡುಕುತ್ತ ಅಡಿಗೆಮನೆಗೆ ಹೋದೆ. ಅಮ್ಮ ಸ್ನಾನ ಮುಗಿಸಿ ಮಡಿಯುಟ್ಟು ನಿಂತಿದ್ದರು. ಒಲೆಯ ಪಕ್ಕದ ಗೋಡೆಗೆ ಹೊಸ ಮೊಳೆ. ಅದಕ್ಕೆ ಹಿಡಿ, ಎಣ್ಣೆ ಹಚ್ಚಿ, ನೂಲು ಕಟ್ಟಿ ನೇತು ಹಾಕಿದ್ದರು.

"ಅಲ್ಲಿ ಯಾಕಮ್ಮ? ಅವಳಿಗೆ ಕೊಡಬೇಕಾದ್ದಲ್ವಾ?"

"ಅವಳೇ ಬಂದು ತೊಗೊಳ್ಲಿ. ಇಲ್ಲೇ ಇರತ್ತೆ."

ಅಷ್ಟು ಹೇಳಿ ಅಮ್ಮ ಒಲೆ ಹಚ್ಚಿದರು.